ಅನುದಿನದ ರೊಟ್ಟಿ

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿಯ ಬೇಡಿಕೆಯೊಂದುಂಟು. ಆ ರೊಟ್ಟಿಗೆ ಸೇರಿಸಿದ ಗ್ರೀಕ್ ವಿಶೇಷಣವು ಬಹು ವಿರಳವಾದುದು. 4ನೆಯ ಶತಮಾನದ ಕೊನೆಯಲ್ಲಿ ಲ್ಯಾಟಿನ್ ಪಾಠವನ್ನು ಪರಿಷ್ಕರಿಸಿದ ಸಂತ ಜೆರೋಮನು ಲೂಕನ ಸುವಾರ್ತೆಯಲ್ಲಿ ಅದನ್ನು ‘ನಿತ್ಯದ’ ಎಂದು ಉಳಿಸಿ, ಮತ್ತಾಯನ ಸುವಾರ್ತೆಯಲ್ಲಿ ‘ದ್ರವ್ಯವನ್ನು ಮೀರಿದ’ ಎಂದು ಅರ್ಥವಿಟ್ಟನು. ಹೊಟ್ಟೆಯ ಅನ್ನವೂ ಆತ್ಮದ ಅನ್ನವೂ ಹೀಗೆ ಒಂದೇ ಪದದಲ್ಲಿ ಕೂಡಿಕೊಂಡವು. ಅವೆರಡನ್ನು ಬೇರ್ಪಡಿಸಲು ಅವಸರಪಡದಿರುವುದೇ ಮೇಲೆಂದು ನಮ್ಮ ಎಣಿಕೆ.

ಆದರೆ ಬೇಡಿಕೆಯು ಇಂದಿನ ಮಟ್ಟಿಗೆ ಮಾತ್ರ ಏಕೆ? ಇದಕ್ಕೆ ಹಿನ್ನೆಲೆಯಾಗಿ ಮೋಶೆಯ ಕಾಲದ ಕಥೆಯಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಇಸ್ರಾಯೇಲರು ಅರಣ್ಯದಲ್ಲಿ ಹಸಿದು, ದಾಸ್ಯದ ದಿನಗಳ ಊಟವನ್ನೇ ನೆನೆದು ಗೊಣಗಿದರು. (ಹಸಿದವರಿಗೆ ಸ್ವಾತಂತ್ರ್ಯವೂ ರುಚಿಸದು!) ಆಗ ಮುಂಜಾವಿನ ಇಬ್ಬನಿ ಆರಿದ ನೆಲದ ಮೇಲೆ ‘ಮನ್ನಾ’ ಕಾಣಿಸಿಕೊಂಡಿತೆಂದು ವಿಮೋಚನಕಾಂಡದ 16ನೆಯ ಅಧ್ಯಾಯವು ತಿಳಿಸುತ್ತದೆ. ಯಾರು ಎಷ್ಟೇ ಆಯ್ದರೂ ಅಳೆದಾಗ ತಲೆಗೆ ಒಂದೇ ಪಾಲು. ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳುಬಿದ್ದು ನಾರಿತು. ಸಬ್ಬತ್ತಿನ ವಿಶ್ರಾಂತಿಗಾಗಿ ಹಿಂದಿನ ದಿನ ಕೂಡಿಸಿಟ್ಟದ್ದು ಮಾತ್ರ ಕೆಡಲಿಲ್ಲ.

ಈ ಮನ್ನಾದ ನೆನಪು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಮರಳಿ ಬರುತ್ತದೆ. ಐದು ಜವೆಗೋಧಿಯ ರೊಟ್ಟಿ, ಎರಡು ಮೀನುಗಳಿಂದ ಸುಮಾರು ಐದು ಸಾವಿರ ಮಂದಿ ಗಂಡಸರು ಉಂಡು ತೃಪ್ತರಾದರು. ಮರುದಿನ ಜನರು ಯೇಸುವನ್ನು ಅರಸುತ್ತ ಕಪೆರ್ನೌಮಿಗೆ ಬಂದು, ಪೂರ್ವಿಕರಿಗೆ ಮನ್ನಾ ದೊರೆತುದನ್ನು ಎತ್ತಿ ಆಡಿದರು. ಅದನ್ನುಂಡವರೂ ಮೃತರಾದರು, ಜೀವದ ರೊಟ್ಟಿ ತಾನೇ ಎಂದು ಆತನು ಉತ್ತರಿಸಿದನು. ಈ ಮಾತು ಕಠಿಣವೆಂದು ಶಿಷ್ಯರಲ್ಲಿಯೇ ಅನೇಕರು ಹಿಂದಿರುಗಿದರು. ಉಳಿದ ಹನ್ನೆರಡು ಮಂದಿಯನ್ನು, ಅವರೂ ಹೊರಡುವರೇ ಎಂದು ಆತನು ಕೇಳಿದಾಗ, ತಮಗೆ ಹೋಗಲು ಬೇರಾರೂ ಇಲ್ಲವೆಂದನು ಪೇತ್ರನು. ರೊಟ್ಟಿಯ ಮಾತು ಅರ್ಥವಾಯಿತೆಂದು ಮಾತ್ರ ಅವನು ಹೇಳಲಿಲ್ಲ.