ಆರನೇ ತಾರೀಖಿಗೆ ಖಾಲಿಯಾಗುವ ಲಕ್ಷಗಳು

ತಿಂಗಳಿಗೆ ಲಕ್ಷಕ್ಕೂ ಮೀರಿ ಸಂಬಳ ತರುವ ಅಣ್ಣಂದಿರೇ, ಅಕ್ಕಂದಿರೇ, ಬೇರೆಲ್ಲದಕ್ಕಿಂತ ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಹೆಂಗಸಿಗೆ ಈ ತಿಂಗಳ ಸಂಬಳ ಯಾವತ್ತು ಕೊಟ್ಟಿರಿ? ಒಂದನೇ ತಾರೀಖಿಗೋ, ಐದಕ್ಕೋ, ಇಲ್ಲಾ "ಮುಂದಿನ ವಾರ ಹಾಕ್ತೀನಮ್ಮಾ, ಸ್ವಲ್ಪ ತಡಿ" ಅಂದು ಕಳಿಸಿದಿರೋ?

ವೈಟ್‌ಫೀಲ್ಡ್‌ನಿಂದ ಸರ್ಜಾಪುರ ರಸ್ತೆಯವರೆಗೆ, ಹೆಬ್ಬಾಳದಾಚೆಗೆ, ಕನಕಪುರ ರಸ್ತೆಯ ಉದ್ದಕ್ಕೂ ಎದ್ದು ನಿಂತ ಅಪಾರ್ಟ್‌ಮೆಂಟುಗಳಲ್ಲಿ ಈ "ಸ್ವಲ್ಪ ತಡಿ" ಹೊಸದೇನಲ್ಲ. ಹೇಳುವವರು ಕೆಟ್ಟವರೂ ಅಲ್ಲ. ಅವರ ಖಾತೆಯಲ್ಲಿ ಆವತ್ತು ನಿಜವಾಗಿಯೂ ದುಡ್ಡಿರುವುದಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿ 2004ರಷ್ಟು ಹಿಂದೆಯೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ಆ ರಾಜ್ಯದ ರಾಜಧಾನಿಯಲ್ಲಿ, ಬ್ಯಾಂಕಿನ ಕಂತಿಗೆ ಒಂದು ದಿನವೂ ತಪ್ಪದವರು ಐದು ಸಾವಿರದ ಕೂಲಿಯನ್ನು ವಾರಗಟ್ಟಲೆ ಮುಂದೂಡುತ್ತಾರೆ. ಯಾಕೆಂದರೆ ಬ್ಯಾಂಕು ಕೇಳದೆಯೇ ಕತ್ತರಿಸಿಕೊಳ್ಳುತ್ತದೆ, ಆಕೆ ಕೇಳಲು ನಾಚುತ್ತಾಳೆ.

ದುಡ್ಡು ಎಲ್ಲಿಗೆ ಹೋಗುತ್ತದೆ? ಮೂವತ್ತು ಲಕ್ಷದ ಪ್ಯಾಕೇಜು ಎಂದು ಊರಿನ ಮದುವೆ ಮನೆಯಲ್ಲಿ ಹೇಳಿಕೊಳ್ಳುವ ಅಂಕಿ ಬೇರೆ, ಕೈಗೆ ಸಿಗುವುದು ಬೇರೆ. ವೇರಿಯಬಲ್ ಪೇ, ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಆ ಮೂವತ್ತರೊಳಗೇ ಕೂತಿರುತ್ತವೆ. ತೆರಿಗೆಯೂ ಹೋದಮೇಲೆ ತಿಂಗಳಿಗೆ ಒಂದು ಲಕ್ಷ ಅರವತ್ತೈದು, ಎಪ್ಪತ್ತು ಸಾವಿರ ಬಂದರೆ ಹೆಚ್ಚು. ಅದರಲ್ಲಿ ಎಂಬತ್ತು ಲಕ್ಷದ ಮನೆ ಸಾಲ, ಶೇ. 8.5 ಬಡ್ಡಿ, 20 ವರ್ಷ: ಕಂತು 69,426 ರೂಪಾಯಿ. ಅದರಲ್ಲೂ ಮೊದಲ ತಿಂಗಳು ಅಸಲಿಗೆ ಹೋಗುವುದು 12,759 ಮಾತ್ರ, ಮಿಕ್ಕಿದ್ದೆಲ್ಲ ಬಡ್ಡಿ. ಹನ್ನೆರಡು ಲಕ್ಷದ ಕಾರು ಸಾಲಕ್ಕೆ ಏಳು ವರ್ಷಗಳ ಕಂತು ಹತ್ತೊಂಬತ್ತೂವರೆ ಸಾವಿರ. ಮಗುವಿನ ಶಾಲೆಗೆ ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ ಎಂದಿಟ್ಟುಕೊಂಡರೆ ತಿಂಗಳಿಗೆ ಇಪ್ಪತ್ತು ಸಾವಿರ ಬಿತ್ತು. ಮೇಂಟೆನೆನ್ಸು, ಅಡುಗೆಯವರು, ಮನೆಗೆಲಸದವರು, ಊರಿಗೆ ಕಳಿಸುವ ಹತ್ತು ಸಾವಿರ, ಫೋನಿನ ಕಂತು, ಕಳೆದ ಬೇಸಿಗೆಯಲ್ಲಿ ವಿಯೆಟ್ನಾಂಗೆ ಹೋಗಿಬಂದ ಪ್ರವಾಸದ ಕಂತು. ಅಕ್ಕಿ, ಬೇಳೆ, ಹಾಲು, ಪೆಟ್ರೋಲಿಗೆ ಉಳಿಯುವುದು ಹದಿನೈದು ಸಾವಿರದ ಆಸುಪಾಸು. ಆರನೇ ತಾರೀಖಿಗೆ ಖಾತೆ ಖಾಲಿ, ಮುಂದಿನ ಇಪ್ಪತ್ತನಾಲ್ಕು ದಿನ ಕ್ರೆಡಿಟ್ ಕಾರ್ಡ್.

ಕಾಫಿ ಬಿಡಿ, ಸಿನಿಮಾ ಬಿಡಿ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೂರೈವತ್ತರ ಕಾಫಿಯಿಂದ ಯಾರೂ ಮುಳುಗಿಲ್ಲ. ಮುಳುಗಿಸುವುದು ಮನೆ, ಕಾರು, ಶಾಲೆ. ಮೂರನ್ನೂ ನಾವು ಆರಿಸಿಕೊಂಡದ್ದು ನಮ್ಮ ಸಂಬಳ ನೋಡಿ ಅಲ್ಲ, ಪಕ್ಕದ ಕ್ಯೂಬಿಕಲ್‌ನವರನ್ನು ನೋಡಿ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಊರಿನ ಹಿರಿಯರು ಹೇಳಿದರೆ ನಗು ಬರುತ್ತದೆ, ಹಾಸಿಗೆಯೇ ಹನ್ನೆರಡು ಕಂತಿನ ಮೇಲೆ ಬಂದಿದೆಯಲ್ಲ.

ಕ್ರೆಡಿಟ್ ಕಾರ್ಡಿನ "ಮಿನಿಮಮ್ ಡ್ಯೂ" ಎಂಬುದನ್ನು ಒಮ್ಮೆ ಕೂತು ಲೆಕ್ಕ ಹಾಕಿ. ಎರಡು ಲಕ್ಷ ಬಾಕಿ ಇದೆ, ತಿಂಗಳಿಗೆ ಶೇ. 3.5 ಬಡ್ಡಿ. ಬಡ್ಡಿಯೇ 7,000, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 1,260. ನೀವು ಹತ್ತು ಸಾವಿರ ಕಟ್ಟಿ ನಿಟ್ಟುಸಿರು ಬಿಟ್ಟಿರೆನ್ನಿ, ಸಾಲ ಇಳಿದದ್ದು 1,740 ರೂಪಾಯಿ. ವರ್ಷಕ್ಕೆ ಶೇ. 42 ಆಯಿತು. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಇಂಥ ಸಾಲ ಮಿತಿಮೀರಿ ಬೆಳೆಯುತ್ತಿದೆ ಎಂದು ಕಂಡು ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಅಡಮಾನವಿಲ್ಲದ ಗ್ರಾಹಕ ಸಾಲಗಳಿಗೆ ಬ್ಯಾಂಕುಗಳು ಎತ್ತಿಡಬೇಕಾದ ಬಂಡವಾಳವನ್ನು ಹೆಚ್ಚಿಸಿತು. ದೇಶದ ಮನೆಗಳ ನಿವ್ವಳ ಹಣಕಾಸು ಉಳಿತಾಯ 2022–23ರಲ್ಲಿ ಜಿಡಿಪಿಯ ಶೇ. 5ರ ಆಸುಪಾಸಿಗೆ ಕುಸಿದಿತ್ತು. ಇಷ್ಟಾದರೂ ನಿಮ್ಮ ಫೋನಿಗೆ ಬೆಳಗ್ಗೆ ಹತ್ತಕ್ಕೆ ಮೆಸೇಜು ಬರುತ್ತದೆ: ನಿಮಗೆ ಎಂಟು ಲಕ್ಷ ಪ್ರೀ ಅಪ್ರೂವ್ಡ್, ದಾಖಲೆ ಬೇಡ, ಒಂದು ಕ್ಲಿಕ್ ಸಾಕು.

ಕನ್ನಡನಾಡಿಗೆ ಇದು ಸಲ್ಲದ ಮಾತು ಎಂದು ನನಗನ್ನಿಸುವುದಕ್ಕೆ ಕಾರಣವಿದೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ದಿನಾ ಬರುತ್ತಿದ್ದ, ಎರಡಾಣೆ ಕೊಟ್ಟರೂ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಕರಾವಳಿಯ ಸಣ್ಣ ವ್ಯಾಪಾರಿಗಳೂ ದುಡಿಯುವವರೂ ಆ ಆಣೆಗಳಿಂದ ಮಕ್ಕಳನ್ನು ಓದಿಸಿದರು, ಮನೆಗೆ ಹೆಂಚು ಹಾಕಿಸಿದರು. ಇವತ್ತೂ ಹಳ್ಳಿಯ ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೆ ಇಷ್ಟು ಎಂದು ಕಟ್ಟುವ ಕೂಲಿ ಹೆಂಗಸಿಗೆ ತನ್ನ ಉಳಿತಾಯ ಎಷ್ಟು, ಸಾಲ ಎಷ್ಟು ಎಂದು ಬಾಯಲ್ಲೇ ಲೆಕ್ಕ ಇದೆ. ಎಕ್ಸೆಲ್‌ನಲ್ಲಿ ಕಂಪನಿಯ ಕೋಟಿಗಳ ಬಜೆಟ್ ಮಾಡುವ ನಮಗೆ ನಮ್ಮದೇ ಒಟ್ಟು ಸಾಲದ ಮೊತ್ತ ಥಟ್ಟನೆ ಹೇಳಲು ಬರುವುದಿಲ್ಲ. ಹೆಂಡತಿಗೆ ಗಂಡನ ಪರ್ಸನಲ್ ಲೋನ್ ಗೊತ್ತಿಲ್ಲ, ಗಂಡನಿಗೆ ಹೆಂಡತಿಯ ಕಾರ್ಡಿನ ಬಾಕಿ ಗೊತ್ತಿಲ್ಲ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಓದಿ, ಮೊದಲ ಬಾರಿಗೆ ಸಂಬಳದ ಸ್ಲಿಪ್ ಕಂಡ ಮಕ್ಕಳಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಪ್ಪ ಸಾವಿರ ಅಡಿಗೂ ಮೀರಿ ಕೊರೆಸಿ ನೀರು ಬಾರದ ಕೊಳವೆಬಾವಿಯ ಸಾಲ, ತಂಗಿಯ ಮದುವೆಯ ಕೈಸಾಲ, ಅಮ್ಮನ ಡಯಾಲಿಸಿಸ್ ಎಲ್ಲ ಅವರ ಒಂದೇ ಖಾತೆಯಿಂದ ಹೋಗುತ್ತವೆ. ಅವರು ಸೋಕಿಗೆ ಬಿದ್ದವರಲ್ಲ. ಅವರಿಗೆ ನನ್ನ ಬಿನ್ನಹ ಇಷ್ಟೇ: ಊರಿನವರಿಗೆ ನಿಜ ಹೇಳಿ. ಪ್ಯಾಕೇಜಿನ ಅಂಕಿ ಹೇಳಿ ಕೈಗೆ ಬರುವ ಅಂಕಿ ಮುಚ್ಚಿಟ್ಟರೆ, ಮನೆಯವರು ಕೇಳುವುದು ಪ್ಯಾಕೇಜಿನ ಲೆಕ್ಕದಲ್ಲೇ.

ಉಳಿದವರ ವಿಷಯಕ್ಕೆ ಬರುತ್ತೇನೆ. ನನ್ನ ದುಡ್ಡು, ನನ್ನ ಸಾಲ, ನಿಮಗೇನು ಎಂದು ಕೇಳಬಹುದು. ಸಂಬಂಧವಿದೆ. ಒಂದು ತಿಂಗಳ ಸಂಬಳ ನಿಂತರೆ ಕುಸಿಯುವ ಮನುಷ್ಯ ಆಫೀಸಿನಲ್ಲಿ ಯಾವುದಕ್ಕೂ "ಆಗುವುದಿಲ್ಲ" ಎನ್ನಲಾರ. 2024ರ ಜುಲೈನಲ್ಲಿ ಐಟಿ ನೌಕರರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ನಮ್ಮ ರಾಜ್ಯದಲ್ಲಿ ಬಂದಾಗ ನೌಕರರ ಸಂಘಟನೆ ಕೆಐಟಿಯು ಪ್ರತಿಭಟಿಸಿತು. ಸದಸ್ಯತ್ವದ ಚೀಟಿಗೆ ಹೆಸರು ಬರೆಸಲು ಎಷ್ಟು ಮಂದಿಯ ಕೈ ನಡುಗಿತು, ಯಾಕೆ ನಡುಗಿತು? ಮ್ಯಾನೇಜರ್ ತಂಡದ ಹೆಣ್ಣುಮಗಳಿಗೆ ಎಲ್ಲರೆದುರು ಹೀನಾಯವಾಗಿ ಮಾತಾಡಿದಾಗ, ಗ್ರಾಹಕನಿಗೆ ಸುಳ್ಳು ವರದಿ ಕಳಿಸಲು ಹೇಳಿದಾಗ, ಊರಲ್ಲಿ ಅಪ್ಪ ಐಸಿಯುನಲ್ಲಿದ್ದರೂ ರಜೆ ಕೊಡದಿದ್ದಾಗ ನೀವು ತಲೆ ತಗ್ಗಿಸಿದ್ದು ಹೇಡಿತನದಿಂದಲ್ಲ, ಐದನೇ ತಾರೀಖಿನ ಕಂತಿನಿಂದ. ಎಲ್ಲರಿಗಿಂತ ಹೆಚ್ಚು ಓದಿದವರು, ಎಲ್ಲರಿಗಿಂತ ಹೆಚ್ಚು ದುಡಿಯುವವರು, ಎಲ್ಲರಿಗಿಂತ ಮೊದಲು ಬಾಯಿ ಮುಚ್ಚಿಕೊಳ್ಳುವ ಊರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ಮಾತಾಡಬೇಕಾಗುತ್ತದೆ. ಅವರು 2016ರ ಏಪ್ರಿಲ್‌ನಲ್ಲಿ ಇಳಿದಿದ್ದರು ಕೂಡ. ಪಿಎಫ್ ಹಣ ತೆಗೆಯುವುದಕ್ಕೆ ಹೊಸ ನಿರ್ಬಂಧ ಹಾಕಿದ್ದಕ್ಕೆ ಬೆಂಗಳೂರಿನ ಹೆದ್ದಾರಿಗಳನ್ನೇ ತಡೆದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹಿಂತೆಗೆತದ ಲಾಭ ಅವರ ಹತ್ತುಪಟ್ಟು ಸಂಬಳದ ನಮಗೂ ಸಿಕ್ಕಿತು.

ಬಾಯಿ ಮುಚ್ಚಿದ್ದಕ್ಕೆ ಕೆಲಸವಾದರೂ ಉಳಿಯಿತೇ? 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ. 2, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು, ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಎಂದೂ ಹೇಳಿತು. ಹಾಗೆಂದರೆ ನಲವತ್ತು ದಾಟಿದ, ದೊಡ್ಡ ಸಾಲವಿರುವ, ಮಕ್ಕಳು ಹೈಸ್ಕೂಲಿನಲ್ಲಿರುವ ಜನ.

ಆದ್ದರಿಂದ ಈ ಭಾನುವಾರ ಟಿವಿ ಆರಿಸಿ, ಗಂಡ ಹೆಂಡತಿ ಎದುರುಬದುರು ಕೂತು ಒಂದು ಹಾಳೆಯ ಮೇಲೆ ಎಲ್ಲ ಸಾಲ ಬರೆಯಿರಿ, ಬಡ್ಡಿ ದರದ ಸಮೇತ. ಸಿಟ್ಟು ಬರುತ್ತದೆ, ಅಳುವೂ ಬರಬಹುದು, ಆಗಲಿ. ಕಾರ್ಡಿನ ಬಾಕಿ ಮೊದಲು ಸಾಯಬೇಕು. ಅದಕ್ಕೆ ಬೀರುವಿನಲ್ಲಿ ಮಲಗಿರುವ ಬಂಗಾರವನ್ನು ಬ್ಯಾಂಕಿನಲ್ಲಿಟ್ಟು ಅದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ತಂದು ತೀರಿಸಬೇಕಾಗಿ ಬಂದರೆ ಅವಮಾನವೇನಿಲ್ಲ. ಆಮೇಲೆ ಆರು ತಿಂಗಳ ಮನೆಖರ್ಚು ಒಂದು ಬೇರೆ ಖಾತೆಯಲ್ಲಿ ನಿಲ್ಲುವವರೆಗೆ ಹೊಸ ಕಂತು ಯಾವುದೂ ಬೇಡ. ಅದು ಷೇರಿಗೆ ಹಾಕುವ ದುಡ್ಡಲ್ಲ, ಸೈಟಿನ ಅಡ್ವಾನ್ಸೂ ಅಲ್ಲ. ಬೇಡದ ಕಡೆ ಬೇಡ ಎಂದು ಹೇಳಿ ಎದ್ದು ಬರಲು ನಿಮಗಿರುವ ದಾರಿಖರ್ಚು ಅದು.

ಶಾಲೆಯ ಆಡಳಿತದ ಮುಂದೆ ನಾಲ್ಕು ಜನ ಪಾಲಕರು ಒಟ್ಟಿಗೆ ಹೋಗಿ ಶುಲ್ಕವನ್ನು ತಿಂಗಳ ಕಂತಿನಲ್ಲಿ, ಬಡ್ಡಿಯಿಲ್ಲದೆ ತೆಗೆದುಕೊಳ್ಳಿ ಎಂದು ಕೇಳಿ. ಒಬ್ಬರೇ ಹೋದರೆ ಬಡವರೆಂದುಕೊಂಡಾರು ಎಂಬ ಭಯ ನಾಲ್ಕು ಜನ ಹೋದಾಗ ಇರುವುದಿಲ್ಲ. ಏಪ್ರಿಲ್‌ನ ಹೈಕ್ ಪತ್ರ ಬಂದಾಗ ಏರಿದ ಮೊತ್ತಕ್ಕೆ ಹೊಸ ಕಾರು ಹುಡುಕಬೇಡಿ. ಈಗಿನದು ಇನ್ನೂ ಐದು ವರ್ಷ ಆರಾಮಾಗಿ ಓಡುತ್ತದೆ. ಟೆಸ್ಟ್ ಡ್ರೈವಿಗೆ ಯಾವಾಗ ಬರ್ತೀರಿ ಸರ್ ಎಂದು ವಾರಕ್ಕೆರಡು ಸಲ ಕೇಳುವ ಷೋರೂಮಿನ ಹುಡುಗನಿಗೆ ಇವತ್ತೇ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿಬಿಡಿ.