ಮನೆಮಾತು: ಅಂಜಿದ ನಾಯಿಗೆ ಮನೆಯ ರೀತಿ ಕಲಿಸುವದು

ದಾರಿಯಲ್ಲಿ ದಿಕ್ಕಿಲ್ಲದೆ ತಿರುಗುವ ನಾಯಿಯನ್ನು ಕಂಡು ಕನಿಕರದಿಂದ ಮನೆಗೆ ಕರೆತರುವ ಗೃಹಸ್ಥರು ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ಅಲ್ಲಲ್ಲಿ ಇದ್ದಾರೆ. ಇದು ಶ್ಲಾಘ್ಯವಾದ ಸಂಗತಿಯೇ ಸರಿ. ಆದರೆ ಕನಿಕರವು ತಂದ ನಾಯಿಯನ್ನು ಮುಂದೆ ತಾಳ್ಮೆಯೇ ಕಾಯಬೇಕಾಗುವದು. ತಂದ ದಿನ ಮನೆಮಂದಿಗೆಲ್ಲ ಸಂತೋಷ. ನಾಲ್ಕನೆಯ ದಿನ ಪಡಸಾಲೆಯಲ್ಲಿ ಮೂತ್ರ, ದೇವರ ಮನೆಯ ಹೊಸ್ತಿಲಲ್ಲಿ ಹೊಲಸು. ಹಿರಿಯರ ಹುಬ್ಬು ಗಂಟಿಕ್ಕುವದು. ಯಾರದೋ ಕೈಗೆ ಕೋಲು ಬರುವದು. ಹದಿನೈದು ದಿನ ತುಂಬುವದರೊಳಗೆ ನಾಯಿ ಮತ್ತೆ ಬೀದಿಯ ಪಾಲು. ಒಮ್ಮೆ ಕೈಬಿಟ್ಟ ಪ್ರಾಣಿಯನ್ನು ಎರಡನೆಯ ಸಲ ಕೈಬಿಟ್ಟರೆ ಅದು ಮನುಷ್ಯನನ್ನು ಮತ್ತೆ ನಂಬುವದು ಬಹು ಕಠಿಣ. ಆದಕಾರಣ ಈ ತಿಂಗಳು ಇದೇ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಹಳೆಯ ಶಿಷ್ಯರೊಬ್ಬರು ಇಳಕಲ್ಲಿನಲ್ಲಿ ನೇಕಾರರು. ಹುನಗುಂದದ ರಸ್ತೆಯ ಬದಿಯಲ್ಲಿ ಕಾಲಿಗೆ ಗಾಯವಾಗಿ ಬಿದ್ದಿದ್ದ ಹೆಣ್ಣು ನಾಯಿಯೊಂದನ್ನು ಅವರು ಮನೆಗೆ ತಂದರು. ಮನೆಯ ಮುಂಭಾಗದಲ್ಲಿಯೇ ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ. ಲಾಳಿಯ ಸಪ್ಪಳವಾದೊಡನೆ ನಾಯಿ ನಡುಗಿ, ನಿಂತಲ್ಲಿಯೇ ಮೂತ್ರ ಬಿಡುತ್ತಿತ್ತು. ಒಂದು ದಿನ ಅದು ಸೀರೆಯ ಹಾಸಿನ ಮೇಲೆಯೇ ಆಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ರೇಶ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ ಎಷ್ಟು ಶ್ರಮದ್ದೆಂಬುದನ್ನು ಬಲ್ಲವರು ಬಲ್ಲರು. ಆ ಹಾಸು ಕೆಟ್ಟರೆ ಮನೆಯ ಅನ್ನವೇ ಕೆಟ್ಟಂತೆ. ಮಡಿವಂತರಾದ ಅವರ ತಾಯಿಯವರು, ‘ಅಮಾಸಿ ಒಳಗ ಅದು ಹೋಗಬೇಕು, ಇಲ್ಲಾ ನಾ ಗುಳೇದಗುಡ್ಡಕ್ಕ ಮಗಳ ಮನೀಗೆ ಹೋಗ್ತೀನಿ’ ಎಂದುಬಿಟ್ಟರು. ಶಿಷ್ಯರು ನಮ್ಮಲ್ಲಿಗೆ ಬಂದು, ‘ಗುರುಗಳೇ, ಹೊಡೆದು ಕಲಿಸಲೋ, ಬಿಟ್ಟು ಬರಲೋ?’ ಎಂದು ಕೇಳಿದರು. ‘ಎರಡೂ ಬೇಡ ತಮ್ಮಾ, ಮೊದಲು ಪಶುವೈದ್ಯರ ಹತ್ತಿರ ಒಯ್ಯಿ’ ಎಂದೆವು.

ಮೊದಲು ವೈದ್ಯರೇಕೆ? ಮೂತ್ರಕೋಶದ ಬೇನೆ, ಮೂತ್ರಪಿಂಡದ ದೋಷ, ಸಕ್ಕರೆ ರೋಗ, ಹೊಟ್ಟೆಯ ಹುಳು ಇವುಗಳಿಂದಲೂ ನಾಯಿ ಮನೆಯನ್ನು ಹೊಲಸು ಮಾಡುವದುಂಟು. ಬೇನೆಯಿಂದ ಆಗುವದಕ್ಕೆ ಯಾವ ಪಾಠವೂ ನಾಟುವದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಅದೇ ಭೇಟಿಯಲ್ಲಿ ಹಾಕಿಸತಕ್ಕದ್ದು. ಅಂಜಿದ ನಾಯಿ ಒಮ್ಮೊಮ್ಮೆ ಕಚ್ಚಲೂಬಹುದು. ಹಾಗೇನಾದರೂ ಆದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ದವಾಖಾನೆಗೆ ಹೋಗತಕ್ಕದ್ದು.

ಬೇನೆಯಿಲ್ಲವೆಂದು ತಿಳಿದ ಮೇಲೆ ವಿಚಾರಿಸತಕ್ಕದ್ದು ಇಷ್ಟು: ನಾಯಿ ರೀತಿ ತಿಳಿಯದೆ ಹೊಲಸು ಮಾಡುತ್ತದೆಯೋ, ಅಂಜಿ ಮಾಡುತ್ತದೆಯೋ? ಬೀದಿಯಲ್ಲಿ ಬೆಳೆದ ಪ್ರಾಣಿಗೆ ಒಳಗು ಹೊರಗು ಎಂಬ ಭೇದವೇ ಗೊತ್ತಿರುವದಿಲ್ಲ, ಅದು ಅಜ್ಞಾನ. ಯಜಮಾನ ಎದುರಿಗೆ ಬಾಗಿ ಕೈ ಚಾಚಿದೊಡನೆ ನೆಲಕ್ಕೆ ಕುಗ್ಗಿ, ಬಾಲ ಮುದುರಿ ಮೂತ್ರ ಬಿಟ್ಟರೆ ಅದು ಭಯ. ‘ನಾನು ನಿನಗೆ ಎದುರಾಳಿಯಲ್ಲ, ನನ್ನನ್ನು ಹೊಡೆಯಬೇಡ’ ಎಂದು ನಾಯಿಯ ಭಾಷೆಯಲ್ಲಿ ಅದರ ಅರ್ಥ. ಅದಕ್ಕೆ ಉತ್ತರವಾಗಿ ಹೊಡೆದರೆ ನಾಯಿಯ ಅಂಜಿಕೆ ಸರಿಯೆಂದು ನಾವೇ ಸಾಕ್ಷಿ ನುಡಿದಂತಾಯಿತು. ಧೈರ್ಯವಿರುವ ಜಾತಿಗೂ ಈ ಮಾತು ಸಲ್ಲುವದು. ನಮ್ಮ ಜಿಲ್ಲೆಯದೇ ಆದ ಮುಧೋಳ ನಾಯಿಯ ಚಿತ್ರವನ್ನು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಅಚ್ಚು ಹಾಕಿದರು. ಬೇಟೆಯಲ್ಲಿ ಅಂಥ ಶೂರ ಪ್ರಾಣಿಯೂ ಅಪರಿಚಿತರ ಕೈಯನ್ನು ಸುಲಭವಾಗಿ ಸಹಿಸುವದಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಕಥೆ ಬರುವದು. ಜನಮೇಜಯನು ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿರಲು ನಾಯಿಯ ಮರಿಯೊಂದು ಅಲ್ಲಿಗೆ ಬಂದಿತು. ಅರಸನ ತಮ್ಮಂದಿರು ಅದನ್ನು ಹೊಡೆದು ಓಡಿಸಿದರು. ಮರಿ ಅಳುತ್ತ ತಾಯಿಯ ಹತ್ತಿರ ಹೋಯಿತು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಯಾಗಶಾಲೆಗೆ ಬಂದು, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದಿರುವ ಭಯವು ನಿಮಗೆ ಬರಲಿ ಎಂದು ಶಪಿಸಿದಳು. ಈ ಶಾಪದ ಯೋಗ್ಯತೆಯನ್ನು ವಾಚಕರು ಗಮನಿಸಬೇಕು. ಕಾರಣ ತಿಳಿಯದೆ ಪೆಟ್ಟು ತಿಂದ ಪ್ರಾಣಿಗೆ ಉಳಿಯುವದು ಅದೇ ಅಲ್ಲವೇ? ಯಾವಾಗ, ಎಲ್ಲಿಂದ, ಏಕೆ ಪೆಟ್ಟು ಬೀಳುವದೋ ತಿಳಿಯದ ಭಯ. ಬೀದಿಯಿಂದ ಬಂದ ನಾಯಿ ಆ ಭಯವನ್ನು ಹೊತ್ತುಕೊಂಡೇ ನಮ್ಮ ಹೊಸ್ತಿಲು ದಾಟುವದು.

ರಶಿಯಾ ದೇಶದ ಪಾವ್ಲೋವ್ ಎಂಬ ಪಂಡಿತರು, 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ನಾಯಿಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಒಂದರ ಬೆನ್ನಿಗೆ ಒಂದು ನಡೆಯುವ ಎರಡು ಸಂಗತಿಗಳನ್ನು ನಾಯಿಯ ಮನಸ್ಸು ಗಂಟು ಹಾಕಿಕೊಳ್ಳುವದು. ಬೆಳಗಿನ ಹೊಲಸನ್ನು ಮಧ್ಯಾಹ್ನ ತೋರಿಸಿ ಬೈದರೆ ಅದಕ್ಕೆ ತಿಳಿಯುವದು ಯಜಮಾನನ ಸಿಟ್ಟು ಮಾತ್ರ, ತನ್ನ ತಪ್ಪಲ್ಲ. ಮೂಗನ್ನು ಹೊಲಸಿಗೆ ತಿಕ್ಕುವ ಪದ್ಧತಿಯಂತೂ ನಿಷ್ಫಲವೂ ಕ್ರೂರವೂ ಆದದ್ದು. ಅದರಿಂದ ನಾಯಿ ಕಲಿಯುವದು ಮಂಚದ ಕೆಳಗೆ ಅಡಗಿ ಮಾಡುವದನ್ನು. ನಾವು ಬಹುಕಾಲ ಮಕ್ಕಳಿಗೆ ಕಲಿಸಿದವರು. ಬೆತ್ತವನ್ನು ಕಂಡ ಹುಡುಗನಿಗೆ ಬರುವ ಮಗ್ಗಿಯೂ ಮರೆತುಹೋಗುವದನ್ನು ಬಲ್ಲೆವು.

ಹಾಗಾದರೆ ಕಲಿಸುವ ಬಗೆ ಹೇಗೆ? ಊಟಕ್ಕೆ ಹೊತ್ತು ಗೊತ್ತು ಮಾಡಿರಿ. ಊಟದ ಹೊತ್ತು ನಿಂತರೆ ವಿಸರ್ಜನೆಯ ಹೊತ್ತೂ ನಿಲ್ಲುವದು. ಬೆಳಗ್ಗೆ ಎದ್ದೊಡನೆ, ಉಂಡ ಮೇಲೆ, ಹಗಲು ನಿದ್ದೆಯಿಂದ ಎದ್ದಾಗ, ರಾತ್ರಿ ಮಲಗುವ ಮುನ್ನ ಹೊರಗೆ ಒಯ್ಯಿರಿ. ಮೊದಲಿನ ವಾರಗಳಲ್ಲಿ ನಡುನಡುವೆ ಎರಡು ಮೂರು ತಾಸಿಗೊಮ್ಮೆಯೂ ಒಯ್ಯಬೇಕು. ಪ್ರತಿಸಲವೂ ಅದೇ ಬಾಗಿಲು, ಅದೇ ಮೂಲೆ. ಹಗ್ಗ ಹಿಡಿದು ಸುಮ್ಮನೆ ನಿಲ್ಲಿರಿ, ಅವಸರಪಡಿಸಬೇಡಿರಿ. ಕೆಲಸ ಮುಗಿದ ಕ್ಷಣದಲ್ಲಿಯೇ, ಇನ್ನೂ ಅಲ್ಲಿಯೇ ಇರುವಾಗ, ಮೆಲ್ಲನೆ ಹೊಗಳಿ ಒಂದು ಚೂರು ರೊಟ್ಟಿಯನ್ನು ಕೊಡಿರಿ. ಉಳ್ಳಾಗಡ್ಡಿ ತಾಗಿದ್ದು ಮಾತ್ರ ಬೇಡ, ಅದು ನಾಯಿಗೆ ವಿಷಕಾರಿ. ಮನೆಯೊಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಬಂದಿತೆಂದು ತಿಳಿಯುವದು. ಒಳಗೆ ಮಾಡಿದರೆ ಮಾತನಾಡದೆ ಒರೆಸಿ ಬಿಡಿರಿ. ಅಂಜುವ ನಾಯಿಯನ್ನು ಮಾತನಾಡಿಸುವಾಗ ಎದುರಿಗೆ ಬಾಗದೆ, ಪಕ್ಕಕ್ಕೆ ತಿರುಗಿ ಕುಕ್ಕರಿಸಿ ಕೂತು, ಅದೇ ಹತ್ತಿರ ಬರುವವರೆಗೆ ಕಾಯಿರಿ.

ಹೊರಗಿನ ಸ್ಥಳವೂ ನಿರ್ಭಯವಾಗಿರಬೇಕು. ಬಾದಾಮಿಯಲ್ಲಿ ಮಂಗಗಳ ಹಾವಳಿ ಎಲ್ಲರಿಗೂ ಗೊತ್ತಿದ್ದದ್ದೇ. ಮಾಳಿಗೆಯ ಮೇಲೆ ಮಂಗಗಳಿರುವಾಗ ಅಂಜಿದ ನಾಯಿ ಬೀದಿಯಲ್ಲಿ ಅರ್ಧ ತಾಸು ನಿಂತರೂ ಮೂತ್ರವನ್ನು ಬಿಗಿಹಿಡಿದು, ಮನೆಯೊಳಗೆ ಬಂದೊಡನೆ ಬಿಡುವದು. ಜನರು ಇದನ್ನು ಹಟವೆನ್ನುವರು. ಅದು ಹಟವಲ್ಲ, ಒಳಗೆ ಬಂದಾಗ ಮಾತ್ರ ಅದಕ್ಕೆ ಉಸಿರು ಬಂದಿತು. ಅಂಥವರು ಹಿತ್ತಲಿನ ಗೋಡೆಯ ಮರೆಯನ್ನು ಆರಿಸಿಕೊಳ್ಳಬೇಕು. ಬಾಗಲಕೋಟೆಯ ನವನಗರದಂಥ ಕಡೆ ಗಚ್ಚಿನ ಅಂಗಳವಿರುವವರು ಅಗಲವಾದ ಬುಟ್ಟಿಯಲ್ಲಿ ಮಣ್ಣು ತುಂಬಿ ಮೂಲೆಯಲ್ಲಿಟ್ಟರೆ, ಮಣ್ಣಿನ ರೂಢಿಯ ನಾಯಿ ಅದನ್ನು ಬೇಗ ಗುರುತಿಸುವದು.

ನೆಲದ ವಿಷಯವಾಗಿ ಗೃಹಿಣಿಯರಿಗೆ ಒಂದು ಮಾತು. ವಾಸನೆ ಉಳಿದಲ್ಲಿ ನಾಯಿ ಮತ್ತೆ ಮಾಡುವದು. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರುವದಿಲ್ಲ. ಅಮೋನಿಯಾ ಉಳ್ಳ ದ್ರಾವಣ ಬೇಡ, ಅದರ ವಾಸನೆ ಮೂತ್ರದ್ದಕ್ಕೆ ಸಮೀಪ. ಫರಸಿ ಕಲ್ಲು ಸುಣ್ಣದ ಜಾತಿಯದು. ಲಿಂಬಿಯ ರಸ, ವಿನೆಗರ್ ಅದನ್ನು ತಿನ್ನುವವು. ಸಾಬೂನು ನೀರಿನಿಂದ ತೊಳೆದು ಅಡಿಗೆಯ ಸೋಡಾ ಉದುರಿಸಿ ಒಣಗಿಸುವದು ಲೇಸು. ಈ ಕೆಲಸಕ್ಕೆಂದೇ ಕಿಣ್ವಗಳುಳ್ಳ ದ್ರಾವಣಗಳೂ ಪೇಟೆಯಲ್ಲಿ ದೊರೆಯುವವು.

ಇಳಕಲ್ಲಿನ ಮನೆಯಲ್ಲಿ ಏನಾಯಿತೆಂದು ವಾಚಕರು ಕೇಳಬಹುದು. ವೈದ್ಯರು ಬೇನೆಯೇನೂ ಇಲ್ಲವೆಂದರು. ತಾಯಿಯವರು ಒಂದು ಕರಾರಿನ ಮೇಲೆ ಅಮಾವಾಸ್ಯೆಯ ಗಡುವನ್ನು ಸಡಿಲಿಸಿದರು: ಅಡಿಗೆಮನೆ, ದೇವರ ಮನೆ, ಮಗ್ಗದ ಕಡೆ ನಾಯಿ ಕಾಲಿಡಬಾರದು. ಶಿಷ್ಯರು ಹಿಂದಿನ ಪಡಸಾಲೆಗೆ ಹಲಿಗೆ ಅಡ್ಡಗಟ್ಟಿ, ಗೋಣಿಚೀಲ ಹಾಸಿ ಅಲ್ಲಿಯೇ ಅದಕ್ಕೆ ನೆಲೆ ಮಾಡಿದರು. ವಿಚಾರಿಸಿ ನೋಡಿದರೆ ಇದು ನಾಯಿಗೂ ಹಿತವೇ. ತಾನು ಮಲಗುವ ಚಿಕ್ಕ ಸ್ಥಳವನ್ನು ಹೊಲಸು ಮಾಡದಿರುವದು ಅದರ ಸ್ವಭಾವ. ದೊಡ್ಡ ಮನೆಯನ್ನೆಲ್ಲ ಒಮ್ಮೆಲೆ ಬಿಟ್ಟುಕೊಟ್ಟರೆ ಅದು ದಿಕ್ಕುಗೆಡುವದು. ಮಡಿಗೂ ಶಿಕ್ಷಣಕ್ಕೂ ಇಲ್ಲಿ ವಿರೋಧವಿಲ್ಲ. ಮಗ್ಗದ ಸಪ್ಪಳವನ್ನು ಮೊದಲು ದೂರದಿಂದ, ಉಣ್ಣುವ ಹೊತ್ತಿಗೆ ಕೇಳಿಸಿ, ದಿನದಿನಕ್ಕೆ ಹತ್ತಿರ ತಂದರು. ಒಂದು ತಿಂಗಳಿಗೆ ಹೊಲಸು ಕಡಿಮೆಯಾಯಿತು. ಮೂರು ತಿಂಗಳಿಗೆ ನಿಂತಿತು. ದೀಪಾವಳಿಯ ಪಟಾಕಿಗೆ ಈಗಲೂ ಅದು ಅಂಜಿ ಒದ್ದೆ ಮಾಡುವದು. ಆ ರಾತ್ರಿ ತಾಯಿಯವರೇ ಹಳೆಯ ಕೌದಿ ಹೊದಿಸಿ, ‘ಸುಮ್ಮಕಿರು ನಮ್ಮವ್ವ, ಮುಗೀತು’ ಎನ್ನುವರಂತೆ.

ಎಲ್ಲ ಮನೆಯಲ್ಲಿಯೂ ಹೀಗೆಯೇ ಆಗುವದೆಂದು ನಾವು ಹೇಳಲಾರೆವು. ಕೆಲವು ನಾಯಿಗಳಿಗೆ ವರುಷವೇ ಹಿಡಿಯುವದು. ಆದಕಾರಣ ತರುವ ಮುನ್ನವೇ ಮನೆಮಂದಿಯೆಲ್ಲ ಕೂಡಿ ವಿಚಾರಿಸಬೇಕು: ಬೆಳಗ್ಗೆ ಯಾರು ಒಯ್ಯುವರು, ರಾತ್ರಿ ಯಾರು ಏಳುವರು, ಒರೆಸುವವರು ಯಾರು? ಈ ಭಾರವೆಲ್ಲ ಗೃಹಿಣಿಯೊಬ್ಬಳ ತಲೆಗೆ ಬೀಳುವಂತಿದ್ದರೆ ತರದಿರುವದೇ ಮೇಲು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಬಿಡುವದು 1960ರ ಪ್ರಾಣಿಹಿಂಸೆ ತಡೆಯುವ ಕಾಯದೆಯ ಪ್ರಕಾರ ಅಪರಾಧವೂ ಆಗಿದೆ. ತಂದ ಮೇಲಂತೂ ನಿತ್ಯವೂ ಅದೇ ಹೊತ್ತು, ಅದೇ ದಾರಿ, ಅದೇ ಮೆಲುದನಿ ಇರಲಿ. ನಾಳೆಯೂ ಇಂದಿನಂತೆಯೇ ಇರುವದೆಂದು ನಂಬಿಕೆ ಬಂದ ದಿನ ನಾಯಿಯ ಅಂಜಿಕೆ ಬಿಡುವದು. ಅಂಜಿಕೆ ಬಿಟ್ಟ ಮೇಲೆ ಉಳಿದ ಪಾಠ ಸುಲಭ.