ಆಪ್ಷನ್ ಎಂಟ್ರಿಗೆ ಕೂರುವ ಮೊದಲು

ಬೆಳಗಾವಿಯ ರವಿವಾರ ಪೇಟೆಯಲ್ಲಿ ಲಾರಿಗಳಿಂದ ಮೂಟೆ ಇಳಿಯುವ ಗದ್ದಲ ವರ್ಷವಿಡೀ ಇದ್ದದ್ದೇ. ಆದರೆ ಸಿಇಟಿ ಫಲಿತಾಂಶ ಬಂದ ವಾರ ಆ ಗದ್ದಲದ ನಡುವೆಯೂ ಪ್ರತಿ ಅಂಗಡಿ ಕಟ್ಟೆಯ ಮೇಲೆ ಒಂದೇ ಪ್ರಶ್ನೆ ಕೇಳಿಸುತ್ತದೆ: ‘ನಿಮ್ಮ ಹುಡುಗಂದು ರ‍್ಯಾಂಕ್ ಎಷ್ಟು ಬಂತ್ರೀ?’ ಹೇಳಿದರೆ ಮುಗಿಯಿತು, ಸಲಹೆಗಳ ಮಳೆ. ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೇನೂ ಮುಟ್ಟಬೇಡ ಎನ್ನುವವರು, ಬೆಂಗಳೂರಿಗೆ ಹೋಗದಿದ್ದರೆ ನೌಕರಿ ಇಲ್ಲ ಎನ್ನುವವರು, ಸೀಟು ಎಲ್ಲಿ ಸಿಕ್ಕರೂ ಹಿಡ್ಕೊ ಎನ್ನುವವರು. ಎರಡು ವರ್ಷದ ಹಿಂದೆ ಆ ಮಳೆಯಲ್ಲಿ ಚೆನ್ನಾಗಿ ನೆನೆದವನು ನಾನು.

ನಮ್ಮಪ್ಪ ಇಲ್ಲಿಯ ಕಿರಾಣಿ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್‌ಗೆ ಹೋದ ಮೊದಲಿಗ ನಾನು. ಆಪ್ಷನ್ ಎಂಟ್ರಿ ಮಾಡಲು ಹತ್ತಿರದ ಸೈಬರ್ ಅಂಗಡಿಗೆ ಹೋದೆ. ಊರಲ್ಲೇ ಇರುವ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ನನ್ನ ಆಸೆ. ಅಂಗಡಿಯಾತ ರ‍್ಯಾಂಕ್ ನೋಡಿ, ‘ಅದು ನಿನಗೆ ಸಿಗೂದಿಲ್ಲ, ಸಿಗೂದನ್ನ ಮೊದಲು ಹಾಕೋಣ’ ಎಂದ. ನಾನೂ ತಲೆಯಾಡಿಸಿದೆ. ಎರಡು ತಾಸು ಬಸ್ಸಿನ ದಾರಿಯ ಕಾಲೇಜು ಮೊದಲನೆಯ ಸಾಲಿಗೆ ಬಂತು, ನನ್ನ ಆಸೆ ಒಂಬತ್ತನೆಯ ಸಾಲಿಗೆ ಇಳಿಯಿತು. ಅಣಕು ಹಂಚಿಕೆಯಲ್ಲಿ ಮೊದಲ ಆಪ್ಷನ್ನೇ ಬಂದಾಗ ಮನೆಗೆ ಕುಂದಾ ತಂದು ತಿಂದೆವು. ಮೊದಲ ಸುತ್ತಿನಲ್ಲೂ ಅದೇ ಬಂತು. ಆಮೇಲೆ ಕಟಾಫ್ ಪಟ್ಟಿ ತೆರೆದು ನೋಡಿದರೆ, ಊರಿನ ಆ ಸೀಟು ನನಗಿಂತ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕಿತ್ತು. ಮನೆಯಲ್ಲೇ ಉಂಡು ಓದಬಹುದಾಗಿದ್ದ ನಾನು ಹಾಸ್ಟೆಲ್ ಸೇರಿದೆ. ಆ ಮೆಸ್ ಬಿಲ್ಲನ್ನು ಅಪ್ಪ ಇವತ್ತಿಗೂ ಕಟ್ಟುತ್ತಿದ್ದಾರೆ.

ತಪ್ಪು ಸೈಬರ್‌ನವನದ್ದು ಎಂದು ಬಹಳ ದಿನ ಬೈದುಕೊಂಡೆ. ನಿಜ ಹೇಳಬೇಕೆಂದರೆ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಗಣಕ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಖಾಲಿ ಇರುವ ಮೊದಲ ಸೀಟು ಕಂಡಲ್ಲಿ ನಿಲ್ಲುತ್ತದೆ. ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಹಾಗಾಗಿ ಸಿಗಲಾರದ ಸೀಟನ್ನು ಮೇಲೆ ಹಾಕಿದರೆ ನಷ್ಟವೇನಿಲ್ಲ, ಗಣಕ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಸುಲಭವಾಗಿ ಸಿಗುವುದನ್ನು ಹೆದರಿ ಮೇಲೆ ಹಾಕಿದರೆ ಮಾತ್ರ ನನ್ನ ಗತಿ. ಅಣಕು ಹಂಚಿಕೆ ಇರುವುದೇ ಪಟ್ಟಿಯನ್ನು ಮತ್ತೆ ನೋಡಿ ತಿದ್ದಲಿಕ್ಕೆ. ನಾವು ಆ ದಿನಗಳನ್ನು ಕುಂದಾ ತಿನ್ನಲು ಬಳಸಿದೆವು.

ಸೀಟು ಬಂದ ಮೇಲೆ ನಾಲ್ಕು ದಾರಿ. ಒಪ್ಪಿಕೊಂಡು ಕಾಲೇಜು ಸೇರುವುದು, ಇದನ್ನು ಇಟ್ಟುಕೊಂಡೇ ಮೇಲಿನ ಆಪ್ಷನ್‌ಗೆ ಮುಂದಿನ ಸುತ್ತಿನಲ್ಲಿ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟು ಕಳೆದುಕೊಂಡವರು ನನ್ನ ತರಗತಿಯಲ್ಲೇ ಇದ್ದಾರೆ.

ಕಾಗದಪತ್ರದ ಕತೆ ಬೇರೆ. ನನ್ನ ಹಾಸ್ಟೆಲ್ ಕೋಣೆಯ ಗೆಳೆಯ ಖಾನಾಪುರ ತಾಲ್ಲೂಕಿನ ಹಳ್ಳಿಯವನು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದ್ದಾನೆ. ಹಾಗೆ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 5ರಷ್ಟು ಇದೆ. ಆದರೆ ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಇವನು ಮುಖ್ಯೋಪಾಧ್ಯಾಯರ ಸಹಿ ಸಾಕೆಂದುಕೊಂಡಿದ್ದ. ಹತ್ತು ವರ್ಷ ಹಳ್ಳಿಯಲ್ಲಿ ಓದಿಯೂ ಸಾಮಾನ್ಯ ಪಟ್ಟಿಯಲ್ಲಿ ನಿಲ್ಲಬೇಕಾಯಿತು. ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಮನೆಯವರಿಗೆ ಎಸ್‌ಎನ್‌ಕ್ಯೂ ಎಂಬ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ, ಅದರಲ್ಲಿ ಬೋಧನಾ ಶುಲ್ಕವೇ ಇಲ್ಲ. ಅದಕ್ಕೂ ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು, ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ಇವೆಲ್ಲ ಪ್ರಥಮ ಪಿಯುಸಿಯಲ್ಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ. ನಾವು ಆ ಎರಡು ವರ್ಷ ಕೋಚಿಂಗ್ ನೋಟ್ಸ್ ಝೆರಾಕ್ಸ್ ಮಾಡಿಸುವುದರಲ್ಲೇ ಕಳೆಯುತ್ತೇವೆ. ಕೋಚಿಂಗ್ ಗುಂಗಿನಲ್ಲಿ ಬೋರ್ಡ್ ಪರೀಕ್ಷೆಯನ್ನು ಹಗುರ ಮಾಡುವವರಿಗೆ ಇನ್ನೊಂದು ಮಾತು: ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಗಳಿಗೆ ಅರ್ಧ ಪಾಲು, ಸಿಇಟಿಗೆ ಇನ್ನರ್ಧ.

ಇನ್ನು ಸೀಟು ಸಿಕ್ಕ ಮೇಲಿನ ಮಾತು. ಇದರ ಬಗ್ಗೆ ಪೇಟೆಯಲ್ಲಿ ಯಾರೂ ಸಲಹೆ ಕೊಡುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ನಮ್ಮ ಬೆಳಗಾವಿಯಲ್ಲೇ ಇದೆ. ಇಡೀ ರಾಜ್ಯದ ಇಂಜಿನಿಯರಿಂಗ್ ಹುಡುಗರು ವಿಟಿಯು ವಿಟಿಯು ಎಂದು ಜಪ ಮಾಡುತ್ತಾರೆ. ಆದರೂ ಮೊದಲ ಸೆಮಿಸ್ಟರ್‌ನಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಸೆಮಿಸ್ಟರ್ ಪರೀಕ್ಷೆಗೆ 50, ಆಂತರಿಕದಲ್ಲಿ 20 ಬಾರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ, ಹಾಜರಾತಿ ಶೇ 85 ಬೇಕು ಎಂಬುದು ಅದೇ ಊರಿನವನಾದ ನನಗೆ ತಿಳಿದದ್ದು ಮೊದಲ ಟೆಸ್ಟ್ ಕೆಟ್ಟ ಮೇಲೆ. ಪಿಯುಸಿಯಂತೆ ಕೊನೆಯ ತಿಂಗಳು ಓದಿ ದಾಟುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆ ಟೆಸ್ಟ್ ಗಣಿತದ್ದು. ನನಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಹತ್ತರವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಸರ್ ಬಿಡಿಸಿ ಹೇಳುತ್ತಿದ್ದುದು ಕನ್ನಡದಲ್ಲಿ. ಇಲ್ಲಿ ‘ರೇಡಿಯಸ್ ಆಫ್ ಕರ್ವೇಚರ್’ ಎಂದು ಬೋರ್ಡಿನ ಮೇಲೆ ಬರೆದು ನೇರ ಸೂತ್ರಕ್ಕೆ ಹೋದರು. ವಕ್ರರೇಖೆ ಒಂದು ಬಿಂದುವಿನಲ್ಲಿ ಎಷ್ಟು ಬಾಗಿದೆ, ಆ ಬಾಗಿಗೆ ಹೊಂದುವ ವೃತ್ತದ ತ್ರಿಜ್ಯ ಎಷ್ಟು ಎನ್ನುವುದಷ್ಟೇ ಅದು. ಯಾರಾದರೂ ಆ ಒಂದು ಸಾಲು ಕನ್ನಡದಲ್ಲಿ ಹೇಳಿದ್ದರೆ ಹದಿನೈದು ದಿನ ಉಳಿಯುತ್ತಿತ್ತು. ಕೈ ಎತ್ತಿ ಕೇಳಲು ನಾಚಿಕೆ, ಕೇಳಬೇಕಾದ ಪ್ರಶ್ನೆಗೂ ಇಂಗ್ಲಿಷ್ ವಾಕ್ಯ ಬೇಕಲ್ಲ!

ಖಾನಾಪುರದ ಗೆಳೆಯನದ್ದೂ ಅದೇ ಪಾಡು, ಅವನು ಓದಿದ್ದು ಮರಾಠಿ ಶಾಲೆಯಲ್ಲಿ. ಕೊನೆಗೆ ಇಬ್ಬರೂ ಸೇರಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದೆವು: ಇಂಗ್ಲಿಷ್ ಶಬ್ದ, ಕನ್ನಡ, ಮರಾಠಿ. ಸ್ವಲ್ಪ ದಿನದಲ್ಲೇ ಒಂದು ತಮಾಷೆ ಗೊತ್ತಾಯಿತು. ವೆಕ್ಟರ್ ಎಂದರೆ ನನಗೂ ಸದಿಶ, ಅವನಿಗೂ ಸದಿಶ. ರೇಡಿಯಸ್ ನನಗೆ ತ್ರಿಜ್ಯ, ಅವನಿಗೆ ತ್ರಿಜ್ಯಾ. ಗಡಿ ಗಲಾಟೆಯಾಗಿ ಬಸ್ಸು ನಿಂತ ದಿನವೂ ನಮ್ಮ ನೋಟ್‌ಬುಕ್ ನಿಲ್ಲಲಿಲ್ಲ. ಎರಡನೇ ಟೆಸ್ಟಿನಲ್ಲಿ ಇಬ್ಬರೂ ದಾಟಿದೆವು, ಅವನು ನನಗಿಂತ ಮೂರು ಅಂಕ ಮುಂದೆ.

ಎಐಸಿಟಿಇ 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಇಡೀ ಪದವಿ ಕನ್ನಡದಲ್ಲೇ ಆಗಬೇಕೆಂದು ನಾನು ಕೇಳುತ್ತಿಲ್ಲ. ಸಂದರ್ಶನದಲ್ಲಿ ಕಂಪನಿಯವರು ಯಾವ ಭಾಷೆಯಲ್ಲಿ ಕೇಳುತ್ತಾರೆಂದು ಎಲ್ಲರಿಗೂ ಗೊತ್ತು. ಮೊದಲ ಒಂದು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಮಾಡಿದರೆ ಸಾಕು. ಹೇಗೂ ಹೆಚ್ಚಿನ ಪ್ರಾಧ್ಯಾಪಕರು ನಮ್ಮ ಕಡೆಯವರೇ, ಕ್ಯಾಂಟೀನಿನಲ್ಲಿ ಚಹಾ ಕೇಳುವುದು ಕನ್ನಡದಲ್ಲೇ. ಪಿಯು ಕಾಲೇಜುಗಳೂ ಸಿಇಟಿ ಮುಗಿದ ಮೇಲೆ ಒಂದು ದಿನ ಮಕ್ಕಳನ್ನು ಕರೆದು, ಹಳೆಯ ಕಟಾಫ್ ಪಟ್ಟಿ ಇಟ್ಟುಕೊಂಡು ಆಪ್ಷನ್ ಎಂಟ್ರಿ ಕಲಿಸಬೇಕು. ಪೋಷಕರನ್ನೂ ಕರೆಯಲಿ. ಗಣಕ ಪ್ರಯೋಗಾಲಯ ಇದ್ದೇ ಇರುತ್ತದೆ, ಹೊಸ ಖರ್ಚೇನೂ ಇಲ್ಲ.

ಈ ಸಲದ ರಜೆಯಲ್ಲಿ ಪಕ್ಕದ ಅಂಗಡಿಯ ಹಮಾಲರ ಮಗಳು ತನ್ನ ಪಟ್ಟಿ ಹಿಡಿದು ಬಂದಿದ್ದಳು. ಸಿವಿಲ್ ಓದುವ ಆಸೆ ಅವಳಿಗೆ, ಪಟ್ಟಿಯಲ್ಲಿ ಅದು ಹದಿಮೂರನೆಯದು. ಯಾಕೆಂದು ಕೇಳಿದೆ. ‘ಎಲ್ಲಾರೂ ಬ್ಯಾಡ ಅಂದ್ರು ಅಣ್ಣಾ’ ಎಂದಳು. ಅಪ್ಪನ ಲೆಕ್ಕದ ಮೇಜಿನ ಮೇಲೆಯೇ ಕೂತು ಪಟ್ಟಿಯನ್ನು ಹೊಸದಾಗಿ ಬರೆದೆವು. ಮೊದಲ ಸಾಲನ್ನು ಅವಳೇ ತುಂಬಿದಳು.